ತಡಕ್ಕೆ ಕಾರಣ

ಅರೇಹಳ್ಳಿ ಬಿಟ್ಟದ್ದು ಏಳೂ ಹತ್ತಕ್ಕೆ.
ಬಿಕ್ಕೋಡಿಗೆ ಇನ್ನೆರಡು ತಿರುವು ಇರುವಾಗ
ಚೆಲುವಯ್ಯ ಬ್ರೇಕ್ ಒತ್ತಿ, ಎಂಜಿನ್ ಆರಿಸಿ,
ಹಿಂದೆ ತಿರುಗದೆಯೇ ಅಂದ:
"ಮೇಡಂ, ದೊಡ್ಡೋರು ಬಂದವ್ರೆ."

ಹನ್ನೊಂದು. ಎಣಿಸಿದೆ. ಎಣಿಸುವುದೇ ನನ್ನ ಕೆಲಸ.
ನಮ್ಮೂರ ಕರಿ ಎರೆಮಣ್ಣು
ಎದ್ದು ಬಂದು ಟಾರಿನ ಮೇಲೆ ನಿಂತ ಹಾಗಿತ್ತು.

ನನ್ನ ಬಾಯಲ್ಲಿ ಸೀಟಿ.
ಎಂಟು ವರ್ಷದಿಂದ ಅದರ ಮಾತಿಗೆ
ಗಾಡಿ ನಿಂತಿದೆ, ಗಾಡಿ ಹೊರಟಿದೆ.
ಈಗ ತುಟಿಯ ನಡುವೆ ಕೂತಿತ್ತು
ಮಾವನ ಮನೆಗೆ ಮೊದಲ ಸಲ ಬಂದ ಅಳಿಯನ ಹಾಗೆ,
ಸುಮ್ಮನೆ.

ಹತ್ತು ನಿಮಿಷ ಎಲ್ಲರೂ ಫೋಟೊ ತೆಗೆದರು.
ಆಮೇಲೆ ಶುರುವಾಯಿತು ಗೊಣಗಾಟ, ಕಾಲು ಕುಣಿತ,
ಸರಕಾರಕ್ಕೆ ಬೈಗುಳ.
ಹತ್ತನೇ ಕ್ಲಾಸಿನ ಹುಡುಗಿ, ವಿಜ್ಞಾನದ ಪರೀಕ್ಷೆ,
ಹತ್ತೂ ಕಾಲಿಗೆ ಬೇಲೂರಲ್ಲಿ,
"ಅಕ್ಕಾ, ಎಷ್ಟೊತ್ತಾಗುತ್ತೆ?" ಅಂದಳು ನನ್ನನ್ನೇ.
ಟಿಕೆಟ್ ಮಿಷನ್ನಿನಲ್ಲಿ ಪ್ರತಿ ಸ್ಟೇಜಿನ ದರವೂ ಇದೆ.
ಇದಕ್ಕೆ ಗುಂಡಿಯಿಲ್ಲ.
ಟೈಲರ್ ಜುಲೇಖಾಬಿ ಮಾತ್ರ ಚೀಲ ಬಿಚ್ಚಿ
ಯಾರದೋ ಧಾರೆಯ ರವಿಕೆಗೆ
ಉಳಿದ ಹುಕ್ಕು ಹಚ್ಚತೊಡಗಿದಳು.

ಆನೆ ಪಡೆಯ ಹುಡುಗ ವಾಕಿಟಾಕಿ ಕಿವಿಗಿಟ್ಟು
"ಇನ್ನೇನು, ಇನ್ನೇನು" ಅನ್ನುತ್ತಿದ್ದ.
ಈ 'ಇನ್ನೇನು' ನನಗೆ ಹಳೆಯ ಪರಿಚಯ.
ವರ್ಗಾವಣೆ ಪಟ್ಟಿಯಲ್ಲಿ ನನ್ನದು ನಾಲ್ಕುನೂರ ಹನ್ನೆರಡಿದ್ದಾಗ
ಹಾಸನದ ಕಚೇರಿಯ ಗುಮಾಸ್ತ ಹೇಳಿದ್ದೂ ಇದೇ.
ಮುನ್ನೂರ ತೊಂಬತ್ತಾಯಿತು.
ಮತ್ತೆ ನಾಲ್ಕುನೂರಾಯಿತು, ಹೇಗೋ.
ಅತ್ತ ಇಂಡಿಯಲ್ಲಿ ಮಗಳು ಅಜ್ಜಿಯ ಕೈಯಲ್ಲಿ ಬೆಳೆದಳು.
ಫೋನಿನಲ್ಲಿ "ಯಾವಾಗ ಬರ್ತಿ" ಅನ್ನುವುದನ್ನು
ಒಂದು ದಿನ ಬಿಟ್ಟೇಬಿಟ್ಟಳು.
"ಊಟ ಆತೇನಬೇ?" ಅಂತ ಕೇಳತೊಡಗಿದಳು.
ತಾಳ್ಮೆಯೋ, ದಣಿವೋ,
ಒಂಬತ್ತು ವರ್ಷದ ದನಿಯಲ್ಲಿ
ನನಗೆ ಗುರುತು ಹತ್ತಲಿಲ್ಲ.

ಫುಟ್‌ಬೋರ್ಡಿನ ಮೇಲೆ ಅಸ್ಸಾಮಿನ ಬಿಪುಲ್,
ತೋಟದ ಆಳು, ತಂಬಾಕು ತಿಕ್ಕುತ್ತಿದ್ದ.
ಈ ಸೀಮೆಯ ಮಾತು ಅವನಿಗೆ ಬರದು,
ನನಗೂ ಅರ್ಧಂಬರ್ಧ.
ನಾನು ಗಡಿಯಾರ ತೋರಿಸಿದೆ.
ಅವನು ಬೆರಳೆತ್ತಿ ದರೆ ತೋರಿಸಿದ.

ಆಗ ಕಂಡದ್ದು.
ರಾತ್ರಿಯ ಮಳೆಗೆ ಜಾರುವ ಕೆಂಪು ದರೆ.
ತಿಂಗಳು ತುಂಬದ ಮರಿಯೊಂದು
ಸೊಂಡಿಲನ್ನು ಎಲ್ಲಿಡಬೇಕೆಂದು ತಿಳಿಯದೆ
ಹತ್ತುತ್ತದೆ, ಜಾರುತ್ತದೆ, ಕುಂಡಿ ಊರಿ ಕೂರುತ್ತದೆ.
ಒಂದೆರಡು ಸಲ ಹಿಂದಿನಿಂದ ಆಸರೆ ಕೊಟ್ಟರು. ಆಮೇಲೆ ಬಿಟ್ಟರು.
ಒಬ್ಬಳು ಅತ್ತಿಮರಕ್ಕೆ ಬೆನ್ನುಜ್ಜಿದಳು,
ಒಬ್ಬಳು ಕಿವಿ ಬೀಸಿದಳು,
ಹತ್ತು ಮಂದಿಯಲ್ಲಿ ಯಾರಿಗೂ ಮುಂದಿನ ಟ್ರಿಪ್ಪಿಲ್ಲ.
ನಲವತ್ತು ಟಿಕೆಟ್ಟು, ಅದರಲ್ಲಿ ಹೆಂಗಸರದು ಇಪ್ಪತ್ತಾರು,
ಒಂದು ಲಗೇಜು, ಚೆಲುವಯ್ಯ, ನಾನು
ಆ ಸಾಲಿನ ಕೊನೆಗೆ ನಿಂತಿದ್ದೆವು, ಅಷ್ಟೆ.

ಬಸ್ಸಿನ ಗೊಣಗಾಟ ಯಾವಾಗ ನಿಂತಿತೋ.
ಮರಿ ಜಾರಿದರೆ ನಲವತ್ತು ಬಾಯಿ "ಅಯ್ಯೋ" ಅನ್ನುತ್ತಿತ್ತು.
ಜುಲೇಖಾಬಿಯ ಸೂಜಿ ಗಾಳಿಯಲ್ಲೇ ಉಳಿಯಿತು.

ಎಂಟೂ ಮೂವತ್ತೇಳಕ್ಕೆ,
ಯಾವ ಬೇರು ಸಿಕ್ಕಿತೋ, ಹತ್ತಿತು.
ಕಾಫಿ ಗಿಡಗಳು ಒಂದಷ್ಟು ದೂರ ಅಲುಗಿದವು,
ಮತ್ತೆ ಗಿಡಗಳಾದವು.

ಚೆಲುವಯ್ಯ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದ.
ಬಾಯಿ ಒಣಗಿತ್ತು.
"ಅಕ್ಕಾ, ರೈಟ್ ಹೇಳಿ," ಅಂದಳು ಹುಡುಗಿ.

ಬೇಲೂರಿನ ನಿಲ್ದಾಣದಲ್ಲಿ ಅವಳು
ಪುಸ್ತಕ ಎದೆಗವುಚಿ ಓಡಿದಳು.
ನಾನು ಹಾಳೆ ತುಂಬಿದೆ.
ತಡಕ್ಕೆ ಕಾರಣ: ಮೂರು ಬೆರಳಗಲದ ಜಾಗ.
ಬರೆದೆ, ಮರಿ ಹತ್ತುತ್ತಿತ್ತು.
ಕಂಟ್ರೋಲರ್ ಸಾಹೇಬರು ಕನ್ನಡಕ ಸರಿಪಡಿಸಿ ಓದಿ,
ಕೆಂಪು ಶಾಯಿಯಲ್ಲಿ ಅದನ್ನು ಹೊಡೆದು, ಮೇಲೆ ಬರೆದರು:
ಆನೆ.